ಎರಡೇ ಹಾಸಿಗೆಯ ಗಾಡಿ

ಗೂಟಕ್ಕೆ ತೂಗುಹಾಕಿದ್ದ ಗಾಡಿಯ ಕೀಯನ್ನು ತೆಗೆದು ಸೌಂದರ್ಯಾ ತನ್ನ ಜೇಬಿಗೆ ಇಳಿಸಿಕೊಂಡಳು. ಆ ಸಂಸಾರ ಮತ್ತೆ ಬಂದಿತ್ತು.

ಕೆ.ಆರ್. ಪುರದ ತೂಗುಸೇತುವೆ ದಾಟಿ ತುಸು ಮುಂದೆ ಅವಳ ಅಪ್ಪ ಹಂಪಣ್ಣನ ಶೆಡ್ಡು. ಹಳೆಯ ಟೆಂಪೊ ಟ್ರಾವೆಲರ್ ಗಾಡಿಗಳೊಳಗೆ ಹಾಸಿಗೆ, ಒಲೆ, ಬಚ್ಚಲು ಕೂರಿಸಿ ಊರೂರು ತಿರುಗುವ ಮನೆ ಮಾಡುವುದು ಅಪ್ಪನ ಕಸುಬು. ಗಿರಾಕಿಗಳ ಜೊತೆ ಮಾತಾಡುವುದು ಮಗಳ ಕೆಲಸ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಶೆಡ್ಡಿನ ಹಿಂದಿನ ಕೋಣೆಯೇ ಮನೆ.

ಅಂಗಳದಲ್ಲಿ ಈಗ ಎರಡು ಗಾಡಿ ತಯಾರಾಗಿ ನಿಂತಿದ್ದವು. ದೊಡ್ಡದರಲ್ಲಿ ಆರು ಜನ ಮಲಗಬಹುದು. ಚಿಕ್ಕದರಲ್ಲಿ ಇಬ್ಬರೇ. ಆದರೆ ಅಪ್ಪ ಜೀವ ತೇದು ಮಾಡಿದ್ದು ಆ ಚಿಕ್ಕದನ್ನೇ. ಅದನ್ನು ಯಾರಾದರೂ ಹೊಡೆದುಕೊಂಡು ಹೋದರೆ ಅಪ್ಪ ಮತ್ತೆ ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಳೆದ ತಿಂಗಳಷ್ಟೇ ಹೊಸಕೋಟೆ ರಸ್ತೆಯ ಒಂದು ಶೆಡ್ಡಿಗೆ ಸಂಸಾರಸ್ಥರಂತೆ ಬಂದವರು, ಒಂದು ಸುತ್ತು ಓಡಿಸಿ ನೋಡುತ್ತೇವೆಂದು ಗಾಡಿ ಹತ್ತಿದವರು, ಇವತ್ತಿಗೂ ವಾಪಸು ಬಂದಿರಲಿಲ್ಲ.

ಇವರೂ ಸಂಸಾರಸ್ಥರೇ. ವಿರೂಪಾಕ್ಷ, ಅವನ ಹೆಂಡತಿ ಶಿವಾನಿ, ಅವನ ತಾಯಿ ಪಾರ್ವತೆವ್ವ. ವಿಜಯಪುರದ ಕಡೆಯವರು, ಈಗ ಬಾಣಸವಾಡಿಯಲ್ಲಿ ವಾಸ ಎಂದು ಹೋದ ಸಲ ಹೇಳಿದ್ದರು. ನಯವಾದ ಮಾತು. ಮುದುಕಿಯ ಕುಂಕುಮವಿಲ್ಲದ ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡಳು ಸೌಂದರ್ಯಾ.

"ಮನೇಲಿ ಎಷ್ಟು ಜನ ಸರ್?"

"ಐದು ಮಂದಿ ರೀ. ನಾವಿಬ್ರು, ಎರಡು ಹುಡುಗ್ರು, ನಮ್ಮವ್ವ."

"ಹಾಗಾದ್ರೆ ದೊಡ್ಡದೇ ತಗೊಳ್ಳಿ. ಚಿಕ್ಕದು ನಿಮಗೆ ಸಾಲಲ್ಲ."

ವಿರೂಪಾಕ್ಷ ದೊಡ್ಡ ಗಾಡಿಯೊಳಗೆ ಕಾಟಾಚಾರಕ್ಕೆ ಇಣುಕಿ, ಬಂದು ಚಿಕ್ಕದರ ಮುಂದೆ ನಿಂತ. "ನಮಗ ಇದ ಸಾಕ್ರಿ."

ಐದು ಜನಕ್ಕೆ ಎರಡು ಹಾಸಿಗೆ! ಅವಳು ನೀರಿನ ಟ್ಯಾಂಕು ತೋರಿಸಿದಳು, ಬ್ಯಾಟರಿ ತೋರಿಸಿದಳು. ಕೊಳ್ಳುವವರು ತಲೆ ತಿನ್ನುವುದೇ ಇವುಗಳ ಬಗ್ಗೆ. ಇವರು ಹೂಂಗುಟ್ಟಿದರು ಅಷ್ಟೆ.

"ಓಡಿಸೋದು ಯಾರು, ನೀವಾ?"

"ನನಗ ಸ್ಕೂಟರ್ ಬಿಟ್ರ ಏನೂ ಬರೂದಿಲ್ರಿ."

"ಮೇಡಂ?"

ಶಿವಾನಿ ಇಲ್ಲವೆಂದು ತಲೆಯಾಡಿಸಿದಳು. "ಓಡ್ಸಾಕ ಒಬ್ರು ಅದಾರ್ರಿ. ಭಾಳ ನಂಬಿಗಸ್ಥರು."

"ಅವರನ್ನ ಕರ್ಕೊಂಡು ಬರ್ಬೇಕಿತ್ತು ಅಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸೌಂದರ್ಯಾಳ ಕೈ ಜೇಬಿನ ಮೇಲೆ ಬಿಗಿಯಿತು. ಆ ನಂಬಿಗಸ್ಥ ಎಲ್ಲಿ ಹೊಂಚುಹಾಕಿ ಕೂತಿದ್ದಾನೋ ಎಂದು ಗೇಟಿನಾಚೆ ಕಣ್ಣಾಡಿಸಿದಳು. ಯಾರೂ ಕಾಣಲಿಲ್ಲ.

ಅಷ್ಟರಲ್ಲಿ ಪಾರ್ವತೆವ್ವ ಹೇಳದೆ ಕೇಳದೆ ಚಿಕ್ಕ ಗಾಡಿ ಹತ್ತಿ ಒಲೆಯ ಮುಂದೆ ನಿಂತಿದ್ದರು. ಗಿಡ್ಡ ಹೆಂಗಸು. ದೊಡ್ಡ ಗಾಡಿಯ ಅಡುಗೆಕಟ್ಟೆ ಅವರ ಎದೆಗೆ ಬರುತ್ತಿತ್ತು. ಇದರಲ್ಲಿ ಮಾತ್ರ ಅಪ್ಪ ಯಾಕೋ ಕಟ್ಟೆಯನ್ನು ತಗ್ಗಿಗೆ ಕೂರಿಸಿದ್ದ. ಹೀಗಾದರೆ ಯಾರೂ ಕೊಳ್ಳುವುದಿಲ್ಲ ಎಂದು ಸೌಂದರ್ಯಾ ಜಗಳ ತೆಗೆದರೂ ಅವನು ಜಗ್ಗಿರಲಿಲ್ಲ. ಪಾರ್ವತೆವ್ವ ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ಕಟ್ಟೆಯನ್ನು ತಟ್ಟಿ ನೋಡಿ ಕೆಳಗಿಳಿದರು.

"ರಾತ್ರಿ ಇಲ್ಲಿ ಯಾರ್ಯಾರು ಇರ್ತೀರಿ ಮಗಳ?"

"ನಾನು, ಅಪ್ಪ. ಯಾಕೆ?"

"ನೀ ಲಗ್ನಾಗಿ ಹೋದ್ರ ನಿಮ್ಮಪ್ಪ ಒಬ್ರ ಆಗ್ತಾರಲ್ಲ?"

ಕಾವಲಿಗೆ ಯಾರಿದ್ದಾರೆಂದು ಕಳ್ಳರು ವಿಚಾರಿಸುವುದು ಹೀಗೆಯೇ. "ನಾನು ಎಲ್ಲಿಗೂ ಹೋಗಲ್ಲ," ಎಂದಳು ಖಾರವಾಗಿ. ಅದೇನೂ ಸುಳ್ಳಲ್ಲ. ಬಂದ ಸಂಬಂಧಗಳನ್ನೆಲ್ಲ ಇದೇ ಮಾತು ಹೇಳಿ ವಾಪಸು ಕಳಿಸಿದ್ದಳು. ಒಂದು ಲೋಟ ಟೀ ಕಾಸಿಕೊಳ್ಳಲೂ ಬಾರದ ಅಪ್ಪನನ್ನು ಬಿಟ್ಟು ಹೋಗುವುದು ಹೇಗೆ?

ಶಿವಾನಿಯ ಫೋನು ಗುಂಯ್‌ಗುಟ್ಟಿತು. ಪಾರ್ಸೆಲ್ಲಿನವನಿರಬೇಕು. "ಹಾಂ ರೀ, ಸಿ.ವಿ. ರಾಮನ್ ನಗರದ ಮನೀನ. ಬಾಗಲಾಗ ಇಟ್ಟು ಹೋಗ್ರಿ."

ಹಾಗಾದರೆ ಬಾಣಸವಾಡಿ ಎಂದದ್ದು ಬೊಗಳೆ! ಅಪ್ಪ ಯಾರದೋ ಅಡುಗೆಮನೆಯ ಕಪಾಟಿನ ಕೆಲಸವೆಂದು ತಿಂಗಳುಗಟ್ಟಲೆ ಹೋಗಿಬರುತ್ತಿರುವುದೂ ಸಿ.ವಿ. ರಾಮನ್ ನಗರಕ್ಕೇ. ಅಲ್ಲಿಂದಲೇ ಇವರು ಬೆನ್ನು ಹತ್ತಿದ್ದಾರೆ. ಪಾಪದ ಅಪ್ಪ ಶೆಡ್ಡಿನ ಗುಟ್ಟೆಲ್ಲ ಬಾಯಿಬಿಟ್ಟಿರಬೇಕು.

"ಸರ್, ಹೊಸಕೋಟೆ ಕಡೆ ಒಂದು ಗಾಡಿ ಕಳವಾಯ್ತಂತೆ," ಎಂದಳು. "ಬಂದವರು ನಿಮ್ಮ ಥರಾನೇ ಫ್ಯಾಮಿಲಿ ಅಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಿರೂಪಾಕ್ಷ ಹಣೆಯ ಬೆವರು ಒರೆಸಿಕೊಂಡ.

"ಅಪ್ಪಾ!" ಸೌಂದರ್ಯಾ ಕೂಗಿದಳು.

ಹಂಪಣ್ಣ ಹಿಂದಿನ ಕೋಣೆಯಿಂದ ಬಂದ. ಕೆಲಸದ ದಿನವಾದರೂ ಗಡ್ಡ ನುಣ್ಣಗೆ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಇವರು ಹೇಳಿದ್ದೆಲ್ಲ ಸುಳ್ಳು ಅಪ್ಪ. ನಾನು ಪೊಲೀಸ್‌ಗೆ ಫೋನ್ ಮಾಡ್ತೀನಿ."

ಅಪ್ಪ ಅವರನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ತಲೆ ತಗ್ಗಿಸಿ ನಿಂತ. ಅಪ್ಪನನ್ನು ಆಗಲೇ ಹೆದರಿಸಿಟ್ಟಿದ್ದಾರೆ ಎಂದುಕೊಂಡು ಅವಳು ಫೋನು ಕೈಗೆತ್ತಿಕೊಂಡಳು.

"ಸುಳ್ಳು ಹೇಳಿದ್ದು ಖರೇರಿ," ಎಂದ ವಿರೂಪಾಕ್ಷ. ಶಿವಾನಿ ಚೀಲದಿಂದ ಒಂದು ತಟ್ಟೆ ತೆಗೆದು ಮುಚ್ಚಿದ ಬಟ್ಟೆ ಸರಿಸಿದಳು. ಎಲೆ ಅಡಿಕೆ, ತೆಂಗಿನಕಾಯಿ, ಮಲ್ಲಿಗೆಯ ದಂಡೆ.

ಸೌಂದರ್ಯಾಳಿಗೆ ಥಟ್ಟನೆ ಹೊಳೆಯಿತು. ಇವರು ಕಳ್ಳರಲ್ಲ, ಹೆಣ್ಣು ನೋಡಲು ಬಂದವರು! ಅದಕ್ಕೇ ಲಗ್ನದ ಮಾತು, ಅದಕ್ಕೇ ಅಪ್ಪನ ಇಸ್ತ್ರಿ ಅಂಗಿ. ತನಗೆ ಹೇಳದೆ ಅಪ್ಪನೂ ಈ ಆಟದಲ್ಲಿ ಸೇರಿದ್ದಾನೆ. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

"ಯಾವ ಹುಡುಗನಿಗೆ ಕೇಳೋಕೆ ಬಂದಿದೀರೋ ನನಗೆ ಬೇಡ. ಅಪ್ಪನ್ನ ಒಂಟಿ ಮಾಡಿ ನಾನು ಹೋಗಲ್ಲ. ನಡೀರಿ ಇಲ್ಲಿಂದ."

ಪಾರ್ವತೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಿಕ್ಕ ಗಾಡಿಯ ಮರೆಗೆ ಸರಿದರು. ವಿರೂಪಾಕ್ಷ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸೌಂದರ್ಯಾಳ ಮುಂದೆ ಬಂದು ನಿಂತ.

"ನಾವು ಹೆಣ್ಣು ಕೇಳಾಕ ಬಂದಿಲ್ಲ ತಂಗಿ. ನಿಮ್ಮಪ್ಪಾರನ್ನ ನಮ್ಮವ್ವಗ ಕೊಡ್ತೀಯೇನು?"