ಐದು ಜನರ ಆಫೀಸು

ಪಂಪ್‌ಸೆಟ್ ಬಿಡಿಭಾಗ ಮಾರುವ ಆ ಆಫೀಸಿನ ಮೂಲೆಯಲ್ಲಿ ಹಳೇ ಕಂಪ್ಯೂಟರೊಂದು ಗುಂಯ್‌ಗುಡುತ್ತಿತ್ತು. ಇಪ್ಪತ್ತು ವರ್ಷಗಳ ಇಮೇಲೆಲ್ಲ ಅದರೊಳಗೇ ಇತ್ತು. ಈಗೀಗ ಇಲ್ಲಿಂದ ಕಳಿಸಿದ್ದೆಲ್ಲ ಗಿರಾಕಿಗಳ ಸ್ಪ್ಯಾಮಿಗೆ ಬೀಳುತ್ತಿತ್ತು. ಹಾಗಾಗಿ ಎಲ್ಲವನ್ನೂ ಹೊರಗಿನ ಕಂಪನಿಯೊಂದರ ಸರ್ವಿಸಿಗೆ ಸಾಗಿಸಲು ಸುಗುಣಾ ಬಂದಿದ್ದಳು.

“ಇದನ್ನೇ ರಿಪೇರಿ ಮಾಡಕ್ಕಾಗಲ್ವೇನಮ್ಮಾ?” ಮಾಲೀಕ ಗುಂಡೂರಾಯರು ಮೂರನೇ ಸಲ ಕೇಳಿದರು.

“ಇನ್ನು ಇದು ಬಾಳಲ್ಲ ಸಾರ್. ಉಳಿದವರೆಲ್ಲ ಎಲ್ಲಿ?”

“ಹೊರಗೆ ಹೋಗಿದಾರೆ.”

ಐದು ಜನರ ಮೇಲ್‌ಬಾಕ್ಸ್‌ಗಳಿದ್ದವು. ಸಾಗಿಸಿ ಮುಗಿದ ಮೇಲೆ, ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡಲು ರಾಯರದ್ದನ್ನು ತೆರೆದಳು. ಸ್ಟೋರ್ಸಿನ ಶೇಷಗಿರಿ ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತಿದ್ದ. ಬಿಲ್ಲಿಂಗಿನ ವಿಮಲಾ ಮಧ್ಯಾಹ್ನ ಒಂದು ಗಂಟೆಗೆ ತಪ್ಪದೆ ಬರೆಯುತ್ತಿದ್ದಳು: ‘ಸಾರ್, ಊಟ ಆಯ್ತಾ? ಮಾತ್ರೆ ಮರೀಬೇಡಿ.’ ನಿನ್ನೆಯೂ ಬರೆದಿದ್ದಳು.

ದಿನಕ್ಕೊಂದು ಆಫೀಸು ಸುತ್ತಿ, ಎಲ್ಲೋ ಒಂದು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುವ ಸುಗುಣಾಗೆ ಹೊಟ್ಟೆಕಿಚ್ಚಾಯಿತು.

“ಪುಣ್ಯವಂತರು ಸಾರ್ ನೀವು,” ಎಂದಳು. “ಇನ್ನು ಒಂದೇ ಕೆಲಸ. ಹೊಸದರಲ್ಲಿ ಅವರವರ ಪಾಸ್‌ವರ್ಡ್ ಅವರವರೇ ಹಾಕ್ಬೇಕು. ಎಲ್ರೂ ಬರಲಿ, ಕಾಯ್ತೀನಿ.”

“ತಡ ಆಗುತ್ತಮ್ಮಾ.”

“ಪರವಾಗಿಲ್ಲ ಸಾರ್. ವಿಮಲಾ ಅವರನ್ನ ನೋಡಿಕೊಂಡೇ ಹೋಗ್ತೀನಿ.”

ರಾಯರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತ ಕೂತರು. ಗೋಡೆ ಗಡಿಯಾರ ಒಂದು ಹೊಡೆಯಿತು.

“ಒಂಚೂರು ಆ ಕಡೆ ಸರಿಯಮ್ಮಾ,” ಎಂದು ಅವರು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು, ವಿಮಲಾಳ ಮೇಲ್‌ಬಾಕ್ಸ್ ತೆರೆದು, ಒಂದೇ ಬೆರಳಿನಲ್ಲಿ ಟೈಪು ಮಾಡತೊಡಗಿದರು: ‘ಸಾರ್, ಊಟ ಆಯ್ತಾ?’