ಮಧ್ಯಾಹ್ನದವರೆಗೆ

"ಮೈ ಕಟ್ಟಿಗೆ ಆಗಿದೆ ಮಗಳೇ. ಗಾಬರಿ ಬೀಳ್ಬೇಡ, ಬಿಸಿ ಕೊಡ್ತಿದ್ದೀನಿ," ಎಂದಷ್ಟೇ ಹೇಳಿ ಅಪ್ಪ ಫೋನಿಟ್ಟಿದ್ದ. ಸಾಕಿದ ದೊಡ್ಡ ಹಲ್ಲಿಯೊಂದಕ್ಕಾಗಿ ಅರ್ಧ ದಿನ ರಜೆ ಹಾಕಿದ ಟೀಚರು ಶಾಲೆಯ ಚರಿತ್ರೆಯಲ್ಲೇ ತಾನೊಬ್ಬಳಿರಬೇಕು ಎಂದುಕೊಳ್ಳುತ್ತ ಮಗಳು ಬಾಗಿಲು ತಳ್ಳಿದಳು. ಹೊಸಿಲಲ್ಲಿದ್ದ ಅಮ್ಮನ ಚಪ್ಪಲಿ ಕಾಲಿಗೆ ತೊಡರಿತು.

ಅಪ್ಪ ಮೂವತ್ತು ವರ್ಷ ಮೃಗಾಲಯದಲ್ಲಿ ಹಾವು, ಹಲ್ಲಿ, ಆಮೆಗಳನ್ನು ನೋಡಿಕೊಂಡವನು. ನಿವೃತ್ತಿಯ ದಿನ ಗೋಡೆ ಗಡಿಯಾರದ ಜೊತೆ ಇಗ್ವಾನಾ ಎಂಬ ಒಂದು ಮುದಿ ಹಸಿರು ಹಲ್ಲಿಯನ್ನೂ ಮನೆಗೆ ತಂದ. ಗಲ್ಲದಡಿ ಜೋಲುವ ತೊಗಲು, ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಒಮ್ಮೆ ಕಳಚಿ ಮತ್ತೆ ಗಿಡ್ಡಗೆ ಕಪ್ಪಗೆ ಬೆಳೆದ ಬಾಲ. ಯಾರನ್ನು ಕಂಡರೂ ಮನೆಯ ಯಜಮಾನಿತಿಯ ಹಾಗೆ ತಲೆಯಾಡಿಸುತ್ತಿತ್ತು. ಆಗಾಗ ಅಮ್ಮನ ಸೀರೆಗೆ ಉಪ್ಪುನೀರು ಸೀನುತ್ತಿತ್ತು.

"ನನ್ನ ಸವತಿ," ಎನ್ನುತ್ತಿದ್ದಳು ಅಮ್ಮ. "ಅವಳಿಗೆ ದೀಪ, ಹೀಟರು. ನನ್ನ ದಮ್ಮಿಗೆ ಈ ಹರಕು ಕೆಂಪು ಕಂಬಳಿ."

ಹಿಂದಿನ ರಾತ್ರಿ ಕರೆಂಟು ಹೋಗಿ, ಬೆಳಗಾದ ಮೇಲೆ ಬಂದಿತ್ತು. ಚಳಿ ಹೊಡೆದರೆ ಇಗ್ವಾನಾ ಕಪ್ಪಾಗುತ್ತದೆ, ಸೆಟೆದು ಕೊಂಬೆಯಿಂದ ಕಾಯಿಯಂತೆ ಉದುರುತ್ತದೆ. ಒಂದು ಚಳಿಗಾಲ ಮೃಗಾಲಯದಲ್ಲಿ ಹನ್ನೊಂದು ಉದುರಿದ್ದವು. ಹೂಳಲು ಗುಂಡಿ ತೋಡಿಯಾಗಿತ್ತು. ಅಪ್ಪ ಅಡ್ಡ ನಿಂತು ಎಲ್ಲವನ್ನೂ ಬಿಸಿಲಿಗೆ ಮಲಗಿಸಿದ. ಮಧ್ಯಾಹ್ನಕ್ಕೆ ಹನ್ನೊಂದೂ ಕಣ್ಣು ಬಿಟ್ಟವು. ಅಂದಿನಿಂದ ಅವನದೊಂದೇ ಹಟ: ಮಧ್ಯಾಹ್ನದವರೆಗೆ ಯಾರನ್ನೂ ಸತ್ತರೆನ್ನಬಾರದು.

ಮಲಗುವ ಕೋಣೆಯ ಬಾಗಿಲು ಓರೆಯಾಗಿ ತೆರೆದಿತ್ತು. ಸಂದಿಯಲ್ಲಿ ಬಿಸಿ ದೀಪದ ಕೆಂಪು ಬೆಳಕು, ಬಿಸಿನೀರಿನ ಚೀಲ ಬದಲಾಯಿಸುತ್ತಿದ್ದ ಅಪ್ಪನ ಬಾಗಿದ ಬೆನ್ನು.

"ಡಾಕ್ಟರನ್ನ ಕರೀಲಾ ಅಪ್ಪಾ?"

"ಬೇಡ. ಬಂದವ್ರೇ ಮುಗೀತು ಅಂದ್ಬಿಡ್ತಾರೆ. ಹನ್ನೆರಡಾಗ್ಲಿ. ಬೆರಳು ಆಗ್ಲೇ ಸ್ವಲ್ಪ ಬೆಚ್ಚಗಾಗಿದೆ."

ಅವನು ತಿರುಗದೆಯೇ ಇನ್ನೊಂದು ಚೀಲ ಒತ್ತಿಟ್ಟ. ಇದು ಉಳಿಯದಿದ್ದರೆ ಅಪ್ಪನೂ ಉಳಿಯಲಾರ ಎಂದು ಮೊದಲ ಬಾರಿಗೆ ಮಗಳಿಗೆ ಭಯವಾಯಿತು.

"ಅಮ್ಮನ ಹತ್ರ ಮಾತಾಡಿದ್ಯಾ?"

"ಬೆಳಗಿನಿಂದ ಮಾತಾಡ್ತಾನೇ ಇದ್ದೀನಿ. ಅವಳೇ ಬಾಯಿ ಬಿಡ್ತಿಲ್ಲ."

ಮಗಳಿಗೆ ನಗು ಬಂತು. ಸವತಿಯ ಆರೈಕೆ ಅತಿಯಾದಾಗಲೆಲ್ಲ ಅಮ್ಮ ಮಾತು ಬಿಟ್ಟು ಅಡುಗೆಮನೆ ಸೇರುತ್ತಿದ್ದಳು. ಸಮಾಧಾನ ಮಾಡೋಣವೆಂದು ಮಗಳು ಅತ್ತ ನಡೆದಳು.

ಒಲೆ ತಣ್ಣಗಿತ್ತು, ಅಮ್ಮ ಇರಲಿಲ್ಲ. ಕಿಟಕಿಯ ಬಿಸಿಲಲ್ಲಿ, ಯಾರೋ ರಾತ್ರಿ ಜೋಪಾನವಾಗಿ ಸುತ್ತಿದ್ದ ಹರಕು ಕೆಂಪು ಕಂಬಳಿಯೊಳಗಿಂದ ಕತ್ತು ಚಾಚಿ, ಎಳೆ ಎಲೆಯಷ್ಟು ಹಸಿರಾಗಿದ್ದ ಇಗ್ವಾನಾ ಅವಳತ್ತ ತಲೆಯಾಡಿಸಿತು.