ದ್ವೀಪದಿಂದ ಬಂದ ಹನ್ನೆರಡು ಉರುಳೆಗಳು

ಜ್ಯೋತಿಲಕ್ಷ್ಮಿ ಡಾಂಬರಿನ ಉರುಳೆಯೊಂದನ್ನು ಎತ್ತಿ, ತಲೆಕೆಳಗು ಮಾಡಿ, ಅದರ ಅಡಿಯನ್ನು ನೋಡಿದಳು. ಅದನ್ನು ಕೆಳಗಿಟ್ಟು ಫಾರಂ ಮುಂದಿಟ್ಟಳು.

“ಮೊದಲು ಸೈನ್ ಮಾಡಿ ಸಾರ್. ಹನ್ನೆರಡೂ ದ್ವೀಪದ ರನ್‌ವೇಯಿಂದ ನಿಮ್ಮೆದುರಿಗೇ ಕೊರೆದಿದ್ದು ಅಂತ.”

ಗುತ್ತಿಗೆದಾರ ನಾಗಭೂಷಣ್ ಸಹಿ ಗೀಚಿದ. “ಒಡೀರಿ ಮೇಡಂ. ಅದೇನು ತಪ್ಪು ಹುಡುಕ್ತೀರೋ ನಾನೂ ನೋಡ್ತೀನಿ.”

ಕಾಮಾಕ್ಷಿಪಾಳ್ಯದ ಆ ಪರೀಕ್ಷಾಲಯಕ್ಕೆ ಎಲ್ಲೆಲ್ಲಿಂದಲೋ ರಸ್ತೆಯ ತುಂಡುಗಳು ಬರುತ್ತವೆ. ಇವು ಬಂದದ್ದು ನಡುಗಡಲಿನ ಪುಟ್ಟ ದ್ವೀಪದಿಂದ. ಅಲ್ಲಿನ ಹಳೆಯ ರನ್‌ವೇ ಮೇಲೆ ನಾಗಭೂಷಣ್ ಹೊಸ ಡಾಂಬರು ಹಾಸಿದ್ದ. ಇಲ್ಲಿ ಪಾಸಾದರೆ ಅಲ್ಲಿ ವಿಮಾನ ಇಳಿಯುತ್ತದೆ.

ಎಂಟು ವರ್ಷಗಳ ಹಿಂದೆ ಮಾರೇನಹಳ್ಳಿಯ ಅಡ್ಡರಸ್ತೆಗೆ ಡಾಂಬರು ಹಾಕಿದವನೂ ಇವನೇ. ಇಪ್ಪತ್ತೇ ದಿನಕ್ಕೆ ಅದು ಹಪ್ಪಳದಂತೆ ಎದ್ದಿತು. ಜ್ಯೋತಿಯ ತಮ್ಮ ರವಿಕುಮಾರ್ ಬೈಕಿನಿಂದ ಬಿದ್ದ, ಮತ್ತೆ ಏಳಲಿಲ್ಲ. ತನಿಖೆಯಲ್ಲಿ ನಾಗಭೂಷಣ್ ಬೇರೆಲ್ಲಿಂದಲೋ ಒಳ್ಳೆಯ ತುಂಡು ತಂದು ತೋರಿಸಿ, ಕೂದಲು ಕೊಂಕದೆ ಹೊರಬಂದ. ಅಂದಿನಿಂದ ಜ್ಯೋತಿಯ ಹೊಟ್ಟೆಯಲ್ಲಿ ಬೆಂಕಿ. ಅವಳು ಅದನ್ನು ಆರಲು ಬಿಟ್ಟವಳೂ ಅಲ್ಲ.

ಈ ಮಂಗಳವಾರವಂತೂ ಟೀ ಅಂಗಡಿಯಲ್ಲಿ ನಾಗಭೂಷಣನ ಡ್ರೈವರ್ ರಾಚಪ್ಪನ ಎದುರಿಗೇ ಕೂಗಾಡಿದ್ದಳು. “ನಿಮ್ಮ ಸಾಹೇಬರಿಗೆ ಹೇಳಣ್ಣ, ಸ್ಯಾಂಪಲ್ ನನ್ನ ಕೈಗೇ ಬರೋದು. ಕೂದಲೆಳೆಯಷ್ಟು ತಪ್ಪು ಸಿಗಲಿ, ಅವರ ಕಥೆ ಮುಗಿಸ್ತೀನಿ.” ಇಂಥ ಮಾತು ಸಾಹೇಬರ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು?

ಅದಾದ ಮೂರನೇ ದಿನ, ಶುಕ್ರವಾರ, ನಾಗಭೂಷಣನೇ ಪೆಟ್ಟಿಗೆ ಹೊತ್ತು ತಂದಿದ್ದ. ಜ್ಯೋತಿ ಉರುಳೆಗಳನ್ನು ತೂಗಿದಳು, ಬಿಸಿನೀರಲ್ಲಿಟ್ಟಳು, ಯಂತ್ರಕ್ಕೆ ಕೊಟ್ಟು ಒಡೆದಳು. ಒಂದಕ್ಕಿಂತ ಒಂದು ಗಟ್ಟಿ. ನಾಗಭೂಷಣ್ ಕಾಲ ಮೇಲೆ ಕಾಲು ಹಾಕಿ ಕುಳಿತ.

“ಚಿನ್ನದಂಥ ಸ್ಯಾಂಪಲ್ ಸಾರ್,” ಎಂದಳು ಜ್ಯೋತಿ. “ಆದ್ರೆ ದ್ವೀಪದ್ದಲ್ಲ.”

ಆ ದ್ವೀಪದ ಹಳೆಯ ರನ್‌ವೇಯಲ್ಲಿ ಅಲ್ಲಿನದೇ ಬಿಳಿ ಹವಳದ ಚೂರು ಬೆರೆತಿದೆ. ಹೊಸ ಹಾಸು ಅದರ ಮೇಲೆಯೇ ಬಿದ್ದದ್ದರಿಂದ ಕೊರೆದ ಪ್ರತಿ ಉರುಳೆಯ ಅಡಿಗೂ ಆ ಬಿಳುಪು ಅಂಟಿರಲೇಬೇಕು. ಇವುಗಳ ಅಡಿಯಲ್ಲಿದ್ದದ್ದು ಕೆಂಗೇರಿ ಕಡೆಯ ಬೂದುಗಲ್ಲು. ದ್ವೀಪಕ್ಕೆ ಒಮ್ಮೆಯೂ ಹೋಗದೆ ಫೋನಿನಲ್ಲೇ ಕೆಲಸ ಮಾಡಿಸಿದವನಿಗೆ ಹವಳದ ವಿಷಯ ಹೇಗೆ ಗೊತ್ತಾಗಬೇಕು?

ನಾಗಭೂಷಣನ ಮುಖ ಇಳಿಯಿತು. “ಮೇಡಂ, ಅಲ್ಲಿ ಕೆಲಸ ಚೆನ್ನಾಗೇ ಆಗಿದೆ. ದೇವರಾಣೆ!”

“ಚೆನ್ನಾಗಿದ್ರೆ ಇವನ್ನ ಯಾಕೆ ತಂದ್ರಿ?”

ಸುಳ್ಳಿಗೆ ಅವನು ಹಾಕಿದ ಸಹಿ ಮೇಜಿನ ಮೇಲಿತ್ತು. ಸಂಜೆಯೊಳಗೆ ವರದಿ ಹೋಯಿತು, ಪೊಲೀಸ್ ದೂರೂ ಆಯಿತು. ಇನ್ನು ಮೇಲೆ ಅವನಿಗೆ ಯಾರೂ ಒಂದು ಓಣಿಯ ಕೆಲಸವನ್ನೂ ಕೊಡುವಂತಿರಲಿಲ್ಲ. ಜ್ಯೋತಿ ಎಂಟು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಮರುದಿನ ಮ್ಯಾನೇಜರ್ ಕಲ್ಮೇಶ್ ಮಾತ್ರ ಚಿಂತೆಯಲ್ಲಿದ್ದರು. “ಪಾಪ, ಆ ದ್ವೀಪದ ಜನ. ಆಸ್ಪತ್ರೆಗೆ ಅಂದ್ರೂ ವಿಮಾನವೇ ಗತಿ. ಅಂಥ ರನ್‌ವೇ ಮೇಲೆ ಹೇಗಮ್ಮ ಇಳಿಸ್ತಾರೆ?”

“ಆರಾಮಾಗಿ ಇಳಿಸಬಹುದು ಸಾರ್. ಅಲ್ಲಿನ ಇಂಜಿನಿಯರ್ ಚೈತನ್ಯಾ ಎದುರಿಗೇ ನಿಂತು ಕೆಲಸ ಮಾಡಿಸಿದಾರೆ. ಗುತ್ತಿಗೆದಾರನಿಗೆ ಹೇಳದೆ ತಾವೇ ಹನ್ನೆರಡು ತುಂಡು ಕೊರೆದು ನನಗೆ ಕಳಿಸಿದ್ರು. ಹವಳ ಅಂಟಿದ್ದವು, ಹನ್ನೆರಡಕ್ಕೆ ಹನ್ನೆರಡೂ ಪಾಸ್.”

“ಯಾವಾಗ ನೋಡಿದ್ದು?”

“ಸೋಮವಾರ ಸಾರ್. ಹೆದರಿದ್ರೆ ಹಳೇ ಆಟಾನೇ ಆಡ್ತಾನೆ ಅಂತ ಗೊತ್ತಿತ್ತು. ಅದಕ್ಕೇ ಮಂಗಳವಾರ ಟೀ ಅಂಗಡಿಗೆ ಹೋಗಿ ಅವನನ್ನ ಹೆದರಿಸಿದ್ದು.”